ಸಿಆರ್‌ಸಿ ಎರರ್ ಬೇರೆ, ಸಿಪಿಯು ಲೋಡ್ ಬೇರೆ: ಒಂದು ಸಿಸ್ಕೋ ರೌಟರ್ ಜೊತೆ ನನ್ನ ಅನುಭವ

ನೆಟ್ ಸ್ಲೋ ಅಂತ ಕಂಪ್ಲೇಂಟ್ ಬಂತು, ಲಾಗಿನ್ ಆಗಿ ನೋಡಿದ್ರೆ ಸಿಪಿಯು 93 ಪರ್ಸೆಂಟ್, ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಕಡೆಯದು) ಮೇಲೆ ಸಿಆರ್‌ಸಿ ಎರರ್, ಅಂದ್ರೆ ದಾರೀಲಿ ಕೆಟ್ಟು ಬಂದ ಫ್ರೇಮ್‌ಗಳು (ಡೇಟಾ ಕಟ್ಟುಗಳು), ರಾಶಿ ರಾಶಿ. ಇವೆರಡೂ ಒಟ್ಟಿಗೆ ಕಂಡ್ರೆ ಜನ ಹೇಳೋದು ಒಂದೇ: ಎರರ್ ಜಾಸ್ತಿಯಾಗಿ ಸಿಪಿಯು ಏರಿದೆ, ಬಾಕ್ಸ್ ಹಳೇದಾಯ್ತು, ಹೊಸದು ತರಿಸಿ. ನಂಗೆ ಈ ಲೆಕ್ಕ ಯಾವತ್ತೂ ಸರಿ ಅನ್ಸಿಲ್ಲ, ಯಾಕಂದ್ರೆ ಸಿಆರ್‌ಸಿ ತಪ್ಪಿದ ಫ್ರೇಮನ್ನ ಪೋರ್ಟ್‌ನ ಹಾರ್ಡ್‌ವೇರೇ ಬಿಸಾಕತ್ತೆ, ಅದು ಸಿಪಿಯು ಬಾಗಿಲಿಗೂ ಬರಲ್ಲ. ಹಾಗಾಗಿ ಎರಡನ್ನೂ ಬೇರೆ ಬೇರೆ ಕೇಸ್ ಅಂತಾನೇ ಹಿಡ್ಕೊಂಡೆ.

ಮೊದಲು ಎರರ್. ‘ಶೋ ಇಂಟರ್‌ಫೇಸಸ್’ ಕೊಟ್ರೆ ಬರೋ ನಂಬರ್ ನೋಡಿ ಹೆದರ್ಕೋಬೇಡಿ, ಅದು ರೌಟರ್ ಆನ್ ಆದಾಗಿಂದ ಸೇರ್ಕೊಂಡು ಬಂದಿರೋ ಮೊತ್ತ ಇರಬಹುದು, ಈಗ ಏರ್ತಿದ್ಯಾ ಅನ್ನೋದಷ್ಟೇ ಮುಖ್ಯ. ‘ಕ್ಲಿಯರ್ ಕೌಂಟರ್ಸ್’ ಮಾಡಿ, ಆ ಪೋರ್ಟ್‌ಗೆ ‘ಲೋಡ್ ಇಂಟರ್ವಲ್ 30’ ಹಾಕಿದೆ, ಇಲ್ಲಾಂದ್ರೆ ಟ್ರಾಫಿಕ್ ರೇಟ್ 5 ನಿಮಿಷದ ಸರಾಸರಿ ತೋರಿಸುತ್ತೆ, ಅದ್ರಲ್ಲಿ ಏನೂ ಗೊತ್ತಾಗಲ್ಲ. ಆಮೇಲೆ ಸುಮ್ನೆ ಪಿಂಗ್ ಮಾಡಿದ್ರೆ ಎಲ್ಲಾ ಚೆನ್ನಾಗಿದೆ, ದೊಡ್ಡ ಫೈಲ್ ಒಂದು ಎಳೆಯೋಕೆ ಶುರು ಮಾಡಿದ ತಕ್ಷಣ ಸಿಆರ್‌ಸಿನೂ ರಂಟ್ಸೂ ಜೊತೆಜೊತೆಗೆ ಏರ್ತಾ ಹೋಯ್ತು. ರಂಟ್ ಅಂದ್ರೆ 64 ಬೈಟ್‌ಗಿಂತ ಚಿಕ್ಕದಾದ ತುಂಡು ಫ್ರೇಮ್. ಖಾಲಿ ಇದ್ದಾಗ ಸುಮ್ನಿದ್ದು ಲೋಡ್ ಬಿದ್ದಾಗ ಮಾತ್ರ ಹೀಗಾಗ್ತಿದ್ರೆ ನನ್ನ ಮೊದಲ ಅನುಮಾನ ಡ್ಯೂಪ್ಲೆಕ್ಸ್ ಮೇಲೆ, ಅಂದ್ರೆ ಎರಡೂ ಕಡೆಯವರು ಒಟ್ಟಿಗೇ ಕಳಿಸಬಹುದಾ (ಫುಲ್), ಒಂದ್ಸಲಕ್ಕೆ ಒಬ್ಬರೇನಾ (ಹಾಫ್) ಅನ್ನೋ ಸೆಟ್ಟಿಂಗ್.

ನೋಡಿದ್ರೆ ಅದೇ. ನಮ್ಮ ಕಡೆ ಹಳೇ ಕಾನ್ಫಿಗ್‌ನಲ್ಲಿ ಸ್ಪೀಡ್ 100, ಡ್ಯೂಪ್ಲೆಕ್ಸ್ ಫುಲ್ ಅಂತ ಫಿಕ್ಸ್ ಮಾಡಿಟ್ಟಿದ್ರು, ಆ ಕಡೆ ಡಿವೈಸ್ ಬದಲಾಗಿ ಆಟೋದಲ್ಲಿ (ಎರಡೂ ಕಡೆ ಮಾತಾಡ್ಕೊಂಡು ತಾನೇ ಹೊಂದಿಸ್ಕೊಳ್ಳೋದು) ಬಂದು ಕೂತಿದೆ. ಆಟೋದಲ್ಲಿರೋ ಕಡೆ ಸಿಗ್ನಲ್ ನೋಡಿ ಸ್ಪೀಡ್ ಕಂಡುಹಿಡಿಯುತ್ತೆ, ಆದ್ರೆ ನಾವು ನೆಗೋಶಿಯೇಟ್ ಮಾಡದೇ ಇದ್ರೆ ಡ್ಯೂಪ್ಲೆಕ್ಸ್ ಏನು ಅಂತ ಅದಕ್ಕೆ ತಿಳಿಯೋ ದಾರಿನೇ ಇಲ್ಲ, ಹಾಫ್‌ಗೆ ಇಳಿಯುತ್ತೆ. ಆಮೇಲೆ ನಾವು ಯಾವಾಗ ಬೇಕಾದ್ರೂ ಕಳಿಸ್ತೀವಿ, ಅದು ಮಾತ್ರ ಅಯ್ಯೋ ಕೊಲಿಷನ್ (ಡಿಕ್ಕಿ) ಆಯ್ತು ಅಂತ ಫ್ರೇಮನ್ನ ಅರ್ಧಕ್ಕೇ ನಿಲ್ಲಿಸತ್ತೆ, ಆ ಅರ್ಧ ಫ್ರೇಮೇ ನಮ್ಮಲ್ಲಿ ಸಿಆರ್‌ಸಿ ಮತ್ತೆ ರಂಟ್. ಅವರ ಕಡೆ ಲೇಟ್ ಕೊಲಿಷನ್ (ಫ್ರೇಮ್ ಸುಮಾರು ಹೋದ ಮೇಲೆ ಆಗೋ ಡಿಕ್ಕಿ) ಇದ್ಯಾ ನೋಡಿ ಅಂತ ಕೇಳಿದೆ, ಹೌದು ತುಂಬಾ ಇದೆ ಅಂದ್ರು. ಎರಡೂ ಕಡೆ ಆಟೋ ಮಾಡಿದ್ವಿ, ಲಿಂಕ್ ಒಂದ್ಸಲ ಬಿದ್ದು ಎದ್ದಿತು, ಸಿಆರ್‌ಸಿ ನಿಂತೇ ಹೋಯ್ತು. ಇಷ್ಟಕ್ಕೂ ನಿಲ್ಲದೇ ಇದ್ದಿದ್ರೆ ಕೇಬಲ್, ಕನೆಕ್ಟರ್, ಫೈಬರ್ ಆಗಿದ್ರೆ ಲೈಟ್ ಲೆವೆಲ್ಲು, ಆ ಕ್ರಮದಲ್ಲಿ ಹೋಗ್ತಿದ್ದೆ.

ಸಿಪಿಯು? ಒಂದು ಪಾಯಿಂಟ್ ಕೂಡ ಇಳೀಲಿಲ್ಲ.

ಇಲ್ಲಿಂದ ನಿಜವಾದ ಕೆಲಸ. ‘ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್’ ಕೊಟ್ರೆ ಮೊದಲ ಸಾಲಲ್ಲಿ 93%/21% ಅಂತ ಎರಡು ನಂಬರ್ ಬರುತ್ತೆ, ತುಂಬಾ ಜನ ಸ್ಲಾಶ್ ಮುಂಚಿಂದು ಮಾತ್ರ ನೋಡಿ ಬಿಡ್ತಾರೆ, ಕಥೆ ಇರೋದು ಎರಡನೇದ್ರಲ್ಲಿ. 93 ಅನ್ನೋದು ಒಟ್ಟು ಲೋಡ್, 21 ಇಂಟರಪ್ಟ್‌ನಲ್ಲಿ ಹೋಗಿದ್ದು, ಅಂದ್ರೆ ಬಹುಪಾಲು ಪ್ಯಾಕೆಟ್‌ಗಳನ್ನ ಸಿಇಎಫ್ (ಸಿಸ್ಕೋದ ಫಾಸ್ಟ್ ದಾರಿ) ಮೂಲಕ ಸರಸರ ದಾಟಿಸಿದ ಖರ್ಚು. ಎರಡನೇ ನಂಬರ್ರೇ 80, 90 ಇದ್ದಿದ್ರೆ ಟ್ರಾಫಿಕ್ಕೇ ಜಾಸ್ತಿ, ಅಥವಾ ನ್ಯಾಟ್ (ಐಪಿ ಅಡ್ರೆಸ್ ಬದಲಾಯಿಸಿ ಕಳಿಸೋದು), ಎನ್‌ಕ್ರಿಪ್ಷನ್ ತರದ ಭಾರ ಇದೆ, ಆಗ ಬಾಕ್ಸ್ ಬದಲಾಯಿಸೋ ಮಾತಿಗೆ ಅರ್ಥ ಇರ್ತಿತ್ತು. ಇಲ್ಲಿ ಉಳಿದ 72 ಪ್ರೊಸೆಸ್‌ಗಳು ತಿಂದಿದ್ದು. ಲಿಸ್ಟ್‌ನ ತಲೇಲಿ ‘ಎಆರ್‌ಪಿ ಇನ್‌ಪುಟ್’, ಅದರ ಕೆಳಗೆ ‘ಐಪಿ ಇನ್‌ಪುಟ್’. ಎಆರ್‌ಪಿ ಅಂದ್ರೆ ಒಂದು ಐಪಿಯ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ವಿಳಾಸ) ಯಾವುದು ಅಂತ ಕೇಳಿ ತಿಳ್ಕೊಳ್ಳೋದು, ಐಪಿ ಇನ್‌ಪುಟ್ ಅಂದ್ರೆ ಫಾಸ್ಟ್ ದಾರೀಲಿ ಹೋಗದೇ ಸಿಪಿಯು ಕೈಗೆ ಬಂದ ಪ್ಯಾಕೆಟ್‌ಗಳ ಕೆಲಸ. ಕ್ಷಣದ ನೆಗೆತ ಇರಬಹುದಲ್ವಾ ಅಂತ ‘ಸಿಪಿಯು ಹಿಸ್ಟರಿ’ ಗ್ರಾಫನ್ನೂ ನೋಡಿದೆ, ಅದ್ರಲ್ಲಿ ನಕ್ಷತ್ರ ಗರಿಷ್ಠ, ಹ್ಯಾಶ್ ಸರಾಸರಿ. ಹ್ಯಾಶೇ ಮೇಲ್ತನಕ ತುಂಬ್ಕೊಂಡಿತ್ತು.

ಎಆರ್‌ಪಿ ಇನ್‌ಪುಟ್ ತಲೇಲಿ ಕೂತಿದೆ ಅಂದ್ರೆ ನಾನು ಸೀದಾ ರೂಟ್ ಕಾನ್ಫಿಗ್‌ಗೆ ಹೋಗ್ತೀನಿ. ‘ಶೋ ಐಪಿ ಎಆರ್‌ಪಿ’ ಕೊಟ್ಟೆ, ಮುಗಿಯೋದೇ ಇಲ್ಲ, ಪುಟ ಪುಟ, ಎಲ್ಲೆಲ್ಲಿಯದೋ ಇಂಟರ್ನೆಟ್ ಐಪಿಗಳು, ಆದ್ರೆ ಮ್ಯಾಕ್ ಅಡ್ರೆಸ್ ಎಲ್ಲಕ್ಕೂ ಒಂದೇ, ಮಧ್ಯೆ ಮಧ್ಯೆ ಇನ್‌ಕಂಪ್ಲೀಟ್ ಅನ್ನೋ ಸಾಲುಗಳು. ಕಾರಣ ಡಿಫಾಲ್ಟ್ ರೂಟ್‌ನಲ್ಲೇ (ಬೇರೆ ದಾರಿ ಗೊತ್ತಿಲ್ಲದ ಟ್ರಾಫಿಕ್ಕೆಲ್ಲಾ ಹೋಗೋ ದಾರಿ) ಇತ್ತು: ನೆಕ್ಸ್ಟ್ ಹಾಪ್ (ಮುಂದಿನ ರೌಟರ್) ಐಪಿ ಕೊಡದೇ ಬರೀ ಗಿಗಾಬಿಟ್ ಪೋರ್ಟ್ ಹೆಸರು ಬರೆದಿದ್ರು. ಪಾಯಿಂಟ್ ಟು ಪಾಯಿಂಟ್ ಸೀರಿಯಲ್ ಲಿಂಕ್ ಆದ್ರೆ ಇದು ನಡೆಯುತ್ತೆ. ಈಥರ್ನೆಟ್ ಮೇಲೆ ಹಾಕಿದ್ರೆ ರೌಟರ್ ಇಡೀ ಇಂಟರ್ನೆಟ್ಟೇ ತನ್ನ ಪೋರ್ಟ್‌ಗೆ ನೇರ ತಗಲಾಕ್ಕೊಂಡಿದೆ ಅಂದ್ಕೊಂಡು ಪ್ರತಿ ಹೊಸ ಐಪಿಗೂ ‘ಇದ್ಯಾರಪ್ಪಾ’ ಅಂತ ಎಆರ್‌ಪಿ ಕೇಳುತ್ತೆ, ಉತ್ತರ ಬರೋ ತನಕ ಆ ಪ್ಯಾಕೆಟ್ ಸಿಪಿಯು ಕೈಗೇ ಹೋಗ್ಬೇಕು. ಆ ಕಡೆಯವರ ರೌಟರ್ ಪ್ರಾಕ್ಸಿ ಎಆರ್‌ಪಿಯಿಂದ ‘ನಾನೇ, ಕೊಡು’ ಅಂತ ಎಲ್ಲದಕ್ಕೂ ಉತ್ತರ ಕೊಡ್ತಿತ್ತು, ಹಾಗಾಗಿ ಇಷ್ಟು ಕಾಲ ಯಾರ ಗಮನಕ್ಕೂ ಬಂದಿಲ್ಲ. ಬಂದ ಎಂಟ್ರಿ 4 ಗಂಟೆ ಟೇಬಲ್‌ನಲ್ಲೇ ಕೂತಿರುತ್ತೆ, ಅದು ಡಿಫಾಲ್ಟ್. ಈಗ ಒಳಗಡೆ ಯಾವುದೋ ಒಂದು ಮಷೀನ್ ವೈರಸ್ ಹಿಡಿದು ಸಿಕ್ಕ ಸಿಕ್ಕ ಐಪಿಗಳನ್ನೆಲ್ಲಾ ಸ್ಕ್ಯಾನ್ ಮಾಡೋಕೆ ಶುರು ಮಾಡಿದೆ, ಅಲ್ಲಿಗೆ ಸಿಪಿಯು ಕೈ ಎತ್ತಿತು.

ಇನ್ನೊಂದು ಗುರುತು ಪೋರ್ಟ್‌ನಲ್ಲೇ ಇತ್ತು. ‘ಇನ್‌ಪುಟ್ ಕ್ಯೂ’ ಸಾಲಲ್ಲಿ ಸೈಜ್, ಮ್ಯಾಕ್ಸ್, ಡ್ರಾಪ್ಸ್, ಫ್ಲಶಸ್ ಅಂತ ಬರುತ್ತಲ್ಲ, ಲ್ಯಾನ್ (ಒಳಗಿನ ನೆಟ್‌ವರ್ಕ್) ಕಡೆ ಪೋರ್ಟ್‌ನಲ್ಲಿ ಮ್ಯಾಕ್ಸ್ 75 ಇದ್ರೆ ಸೈಜೂ ಆಗಾಗ 75 ಮುಟ್ತಿತ್ತು, ಡ್ರಾಪ್ಸ್ ಏರ್ತಿತ್ತು. ಸಿಪಿಯುಗೆ ಕಾಯೋ ಪ್ಯಾಕೆಟ್‌ಗಳು ಸಾಲು ನಿಲ್ಲೋದು ಇಲ್ಲೇ. ಪೋರ್ಟ್‌ಗೂ ಸಿಪಿಯುಗೂ ನಂಟು ಹುಡುಕೋದಾದ್ರೆ ಸಿಆರ್‌ಸಿ ಬಿಟ್ಟು ಈ ಸಾಲು ನೋಡಿ. ಕೆಲವರು ಹೋಲ್ಡ್ ಕ್ಯೂ (ಆ ಮ್ಯಾಕ್ಸ್ ನಂಬರ್) ದೊಡ್ಡದು ಮಾಡಿ ಡ್ರಾಪ್ಸ್ ಕಮ್ಮಿ ಆಯ್ತು ಅಂತ ಖುಷಿ ಪಡ್ತಾರೆ, ಅದು ಬರೀ ಕಾಯೋರ ಸಂಖ್ಯೆ ಜಾಸ್ತಿ ಮಾಡಿದ ಹಾಗೆ.

ರೂಟ್ ಬದಲಾಯಿಸೋ ಮುಂಚೆ ‘ರೀಲೋಡ್ ಇನ್ 10’ ಕೊಟ್ಟೆ, ದೂರದಿಂದ ಲಾಗಿನ್ ಆಗಿದ್ದಾಗ ಡಿಫಾಲ್ಟ್ ರೂಟ್ ಮುಟ್ಟೋದಾದ್ರೆ ಇದನ್ನ ಬಿಡಲ್ಲ, ಕೈ ತಪ್ಪಿದ್ರೂ 10 ನಿಮಿಷಕ್ಕೆ ಸೇವ್ ಆಗಿರೋ ಹಳೇ ಕಾನ್ಫಿಗ್‌ಗೆ ತಾನೇ ಬರುತ್ತೆ. ಪೋರ್ಟ್ ಹೆಸರಿನ ಜೊತೆ ನೆಕ್ಸ್ಟ್ ಹಾಪ್ ಐಪಿ ಸೇರಿಸಿ ಹೊಸ ರೂಟ್ ಹಾಕಿ, ಆಮೇಲೆ ಹಳೇದು ತೆಗೆದೆ, ಎಆರ್‌ಪಿ ಟೇಬಲ್ ಕ್ಲಿಯರ್ ಮಾಡಿದೆ, ಎಲ್ಲಾ ನಡೀತಿದೆ ಅಂತ ಖಾತ್ರಿ ಆದ್ಮೇಲೆ ‘ರೀಲೋಡ್ ಕ್ಯಾನ್ಸಲ್’, ಆಮೇಲೆ ಸೇವ್. ಸ್ವಲ್ಪ ಹೊತ್ತಲ್ಲೇ ಎಆರ್‌ಪಿ ಇನ್‌ಪುಟ್ ಲಿಸ್ಟ್‌ನ ಬುಡಕ್ಕೆ ಹೋಯ್ತು, ಒಟ್ಟು ಲೋಡ್ 30ರ ಆಸುಪಾಸು.

ಐಪಿ ಇನ್‌ಪುಟ್ ಮಾತ್ರ ಪೂರ್ತಿ ಇಳೀಲಿಲ್ಲ. ಎಸಿಎಲ್ (ಯಾವ ಪ್ಯಾಕೆಟ್ ಬಿಡ್ಬೇಕು, ಯಾವುದನ್ನ ತಡೀಬೇಕು ಅನ್ನೋ ಪಟ್ಟಿ) ತೆರೆದು ನೋಡಿದ್ರೆ ಕೊನೇ ಡಿನೈ ಸಾಲಿಗೆ ‘ಲಾಗ್’ ಅಂಟಿಸಿದ್ರು, ಆ ಸ್ಕ್ಯಾನ್ ಮಾಡೋ ಮಷೀನಿನ ಪ್ಯಾಕೆಟ್‌ಗಳು ಅಲ್ಲಿ ಬಡಿದು ಲಾಗ್‌ಗೋಸ್ಕರ ಸಿಪಿಯುಗೆ ಹೋಗ್ತಿದ್ವು, ಮೇಲಿಂದ ಕನ್ಸೋಲ್ (ರೌಟರ್‌ನ ಸೀರಿಯಲ್ ಪೋರ್ಟ್) ಲಾಗಿಂಗ್ ಬೇರೆ ಆನ್, 9600 ಬಾಡ್‌ನಲ್ಲಿ ಒಂದೊಂದೇ ಅಕ್ಷರ ಹೊರಗೆ ತಳ್ತಾ. ಕನ್ಸೋಲ್ ಲಾಗಿಂಗ್ ಆಫ್ ಮಾಡಿ ಬಫರ್‌ಗೆ (ರೌಟರ್ ಮೆಮೊರಿಗೆ) ಹಾಕಿದೆ. ‘ಲಾಗ್’ ಪದವನ್ನ ಆ ಮಷೀನ್ ಐಪಿ ಸಿಗೋ ತನಕ ಇಟ್ಕೊಂಡು, ಸಿಕ್ಕ ಮೇಲೆ ತೆಗೆದೆ, ಮಷೀನಿನ ಕೇಬಲ್ಲೂ ಕಿತ್ತಿಟ್ಟೆ.