ಊರಿನ ಮನೆಯ ಕಿಟಕಿ ಯಾವಾಗ ಬದಲಾಯಿಸಬೇಕು?

ಕೆನಡಾಕ್ಕೆ ಹೊಸದಾಗಿ ಬಂದ ನಮ್ಮ ಮಲೆನಾಡಿನ ಹುಡುಗರಿಗೆ ಕೆಲಸ ಒಂದು ಹದಕ್ಕೆ ಬಂದ ಕೂಡಲೇ ಊರಿನ ಮನೆ ನೆನಪಾಗುತ್ತದೆ. ಅಪ್ಪ ಫೋನಿನಲ್ಲಿ "ಕಿಟಕಿ ಹಾಕೋಕೇ ಬರ್ತಿಲ್ಲ ಮಾರಾಯ" ಅಂದರೆ ಸಾಕು, ದುಡ್ಡು ಕಳಿಸಿ ಎಲ್ಲವನ್ನೂ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿ ಮಾಡಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ.

ಅಪ್ಪ ಈ ಮಾತು ಹೇಳಿದ್ದು ಯಾವ ತಿಂಗಳಲ್ಲಿ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆಯೂ ಕಮ್ಮಿ ಏನಿಲ್ಲ. ಜುಲೈ, ಆಗಸ್ಟಿನಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಫೆಬ್ರವರಿ ಬಿಸಿಲಿಗೆ ತಾನಾಗಿ ಸಡಿಲ ಆಗುತ್ತದೆ. ಮಳೆಗಾಲದಲ್ಲಿ ಅಂಚು ಕೀಸಿಸಿದರೆ ಬೇಸಿಗೆಯಲ್ಲಿ ಸಂದು ಬೀಳುತ್ತದೆ. ಬೇಸಿಗೆಯಲ್ಲೂ ಹಾಕಲು ಬರದಿದ್ದರೆ ಮಾತ್ರ ಮುಂದಿನ ಯೋಚನೆ.

ಆಗ ವೀಡಿಯೋ ಕಾಲ್ ಮಾಡಿ, ಚೌಕಟ್ಟಿನ ಕೆಳಗಿನ ಎರಡೂ ಮೂಲೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಲು ಹೇಳಿ. ನೀರು ನಿಲ್ಲುವುದು ಅಲ್ಲೇ, ಮರ ಕುಂಬಾಗುವುದೂ ಅಲ್ಲೇ. ತುದಿ ಇಳಿಯದಿದ್ದರೆ ಮರ ಗಟ್ಟಿ ಇದೆ. ಸಲೀಸಾಗಿ ಇಳಿದರೆ, ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮರ ಕುಂಬಾಗಿದೆ, ಇಲ್ಲವೇ ಗೆದ್ದಲು ತಿಂದಿದೆ. ಗೋಡೆಯಿಂದ ಮಣ್ಣಿನ ಗೆರೆ ಹತ್ತಿ ಬಂದಿದ್ದರೆ ಅದು ಗೆದ್ದಲೇ. ಅಂಥ ಚೌಕಟ್ಟು ತೆಗೆಸಲೇಬೇಕು. ಗೆದ್ದಲಾದರೆ ಗೋಡೆಗೂ ಔಷಧಿ ಹೊಡೆಸಿ, ಇಲ್ಲದಿದ್ದರೆ ಹೊಸ ಮರಕ್ಕೂ ಬರುತ್ತದೆ.

ಕಿಟಕಿ ಬಾಗಿಲು ಮಾತ್ರ ಹಾಳಾಗಿದ್ದರೆ ಚೌಕಟ್ಟು ಮುಟ್ಟಬೇಡಿ. ಮಣ್ಣಿನ ಗೋಡೆಯಿಂದ ಚೌಕಟ್ಟು ಕಿತ್ತರೆ ಸುತ್ತಲಿನ ಗೋಡೆಯೂ ಉದುರುತ್ತದೆ. ಊರಿನ ಆಚಾರ್ರು ಅಳತೆ ತಗೊಂಡು ಹೊಸ ಬಾಗಿಲು ಮಾಡಿಕೊಡುತ್ತಾರೆ. ಕಿಟಕಿ ಪಕ್ಕದ ಗೋಡೆ ಒದ್ದೆ ಆದರೆ ಮೇಲಿನ ಸಜ್ಜಾ ಬಿರುಕು ಬಿಟ್ಟಿದೆಯಾ ನೋಡಿಸಿ. ಎಷ್ಟೋ ಸಲ ನೀರು ಬರುವುದು ಅಲ್ಲಿಂದಲೇ.

ಇಲ್ಲಿಯ ಲೆಕ್ಕವನ್ನು ಊರಿಗೆ ಹಾಕಬೇಡಿ. ಇಲ್ಲಿ ಎರಡು ಗಾಜಿನ ನಡುವೆ ಮಂಜು ಕಟ್ಟಿದರೆ ಸೀಲ್ ಹೋಗಿದೆ ಎಂದರ್ಥ. ಇಲ್ಲಿಯ ಕಿಟಕಿ ಮುಖ್ಯವಾಗಿ ಚಳಿ ತಡೆಯಬೇಕು. ಮಲೆನಾಡಿನ ಕಿಟಕಿ ಇರಚಲು ತಡೆದು ಗಾಳಿಯನ್ನೂ ಬಿಡಬೇಕು. ಗಾಳಿ ಆಡದಿದ್ದರೆ ಗೋಡೆಗೆ, ಬೀರುವಿನ ಸೀರೆಗೆಲ್ಲ ಬೂಷ್ಟು ಹಿಡಿಯುತ್ತದೆ. ಸ್ಲೈಡಿಂಗ್ ಕಿಟಕಿ ಸಾಮಾನ್ಯವಾಗಿ ಅರ್ಧ ಮಾತ್ರ ತೆರೆಯುತ್ತದೆ. ಅದರ ಹಳಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ. ಕಸ ಕಟ್ಟಿದರೆ ನೀರು ಒಳಗೇ ಬರುತ್ತದೆ. ದಿನಾ ಬಗ್ಗಿ ಅದನ್ನು ಕೆದಕಬೇಕಾದವರು ಅಪ್ಪ, ಅಮ್ಮ ಅಲ್ವಾ? ಹಾಗಂತ ಯುಪಿವಿಸಿ ಕೆಟ್ಟದ್ದಲ್ಲ, ಅದಕ್ಕೆ ಗೆದ್ದಲು ಹಿಡಿಯುವುದಿಲ್ಲ. ಶಿವಮೊಗ್ಗ ಪೇಟೆಯ ಹೊಸ ಮನೆಗೆ ಚೆನ್ನಾಗಿಯೇ ಇರುತ್ತದೆ. ಹಳ್ಳಿ ಮನೆಗೆ ಹಾಕಿಸುವುದಾದರೆ ಹೊರಗೆ ತೆರೆಯುವ ಬಾಗಿಲಿನದ್ದೇ ಕೇಳಿ. ಸರಳು ಬೇಕೇ ಬೇಕು, ಮಂಗಗಳ ಕಾಟ ಗೊತ್ತಲ್ಲ.

ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಗೇರೆಣ್ಣೆಯೋ ಪೇಂಟೋ, ಮರಕ್ಕೆ ಬಳಿದದ್ದು ಮಳೆ ಹಿಡಿಯುವ ಮೊದಲು ಚೆನ್ನಾಗಿ ಒಣಗಬೇಕು. ತೆಗೆದ ಹಳೇ ಸಾಗುವಾನಿ, ಹೊನ್ನೆ ಮರವನ್ನು ಕಂಟ್ರಾಕ್ಟರಿಗೆ ಸುಮ್ನೆ ಬಿಟ್ಟುಕೊಡಬೇಡಿ. ಕುಂಬಾದ ಭಾಗ ಕತ್ತರಿಸಿ ಉಳಿದದ್ದನ್ನು ಅಟ್ಟದಲ್ಲಿ ಇಡಿಸಿ, ಮುಂದಿನ ಕಿಟಕಿ ರಿಪೇರಿಗೆ ಬೇಕಾಗುತ್ತದೆ.