ಬಣ್ಣ ಬಿಡಿ, ಸೀಟು ಎತ್ತಿ ನೋಡಿ: ಹಳೆ ಸ್ಟೀಲ್ ಸೈಕಲ್ ಕೊಳ್ಳುವುದು, ಓಡಿಸುವುದು, ಮಾರುವುದು ಹೇಗೆ?

ನನ್ನ ಮೊದಲ ಹಳೆ ಸೈಕಲ್ಲನ್ನು ನಾನು ಕೊಂಡಿದ್ದು ಬಣ್ಣ ನೋಡಿ. ಕಡುಗೆಂಪು ಮೈ, ಪೈಪುಗಳು ಕೂಡುವ ಕಡೆಯೆಲ್ಲ ಬಂಗಾರದ ತೆಳು ಗೆರೆ. ಮನೆಗೆ ತಂದು ಸೀಟನ್ನು ಎರಡು ಇಂಚು ಎತ್ತೋಣ ಅಂತ ನಟ್ಟು ಸಡಿಲಿಸಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸೀಟು ಕಂಬ ಅಲ್ಯೂಮಿನಿಯಂ, ಪೈಪು ಸ್ಟೀಲ್. ಈ ಎರಡು ಲೋಹಗಳ ನಡುವೆ ಬೆವರೋ ಮಳೆನೀರೋ ಇಳಿದರೆ ಅಲ್ಯೂಮಿನಿಯಂ ಸವೆಯುತ್ತಾ ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಹಾಗಾಗಿ ಕಂಬ ಪೈಪಿನೊಳಗೆ ಬೆಣೆ ಹೊಡೆದಂತೆ ಕಚ್ಚಿಕೊಳ್ಳುತ್ತದೆ. ಎರಡು ವಾರ ಎಣ್ಣೆ ಬಿಟ್ಟೆ, ತಿರುಚಿದೆ, ಬೈದೆ. ಕೊನೆಗೆ ಕಂಬದ ತಲೆ ಕತ್ತರಿಸಿ, ಗರಗಸದ ಬ್ಲೇಡನ್ನು ಒಳಗೆ ತೂರಿಸಿ, ಉದ್ದಕ್ಕೆ ಸೀಳಿ ಚೂರು ಚೂರಾಗಿ ತೆಗೆದೆ. ಅಂಗೈ ತುಂಬ ಗುಳ್ಳೆ.

ಅವತ್ತಿನಿಂದ ಹಳೆ ಸೈಕಲ್ ಮುಂದೆ ನಿಂತಾಗ ನನ್ನದು ಒಂದೇ ಪ್ರಶ್ನೆ: ಬಿಚ್ಚಬೇಕಾದ್ದು ಬಿಚ್ಚಿಕೊಳ್ಳುತ್ತಾ? ಹೊಳಪನ್ನು ಆಮೇಲೆ ತರಬಹುದು. ಕಚ್ಚಿಕೊಂಡದ್ದನ್ನು ಬಿಡಿಸುವುದು ಬೇರೆಯದೇ ಕತೆ.

ಮೊದಲು ಅಳತೆ

ಚಪ್ಪಲಿ ಬಿಟ್ಟು ಮೇಲಿನ ಪೈಪಿನ ಎರಡೂ ಕಡೆ ಕಾಲಿಟ್ಟು ನಿಲ್ಲಿ. ಪೈಪಿಗೂ ನಿಮಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಇರಬೇಕು. ಇಲ್ಲದಿದ್ದರೆ ಅದು ಎಷ್ಟೇ ಚೆಂದ ಇದ್ದರೂ ಬೇರೆಯವರ ಸೈಕಲ್. ‘ಸೀಟು ಇಳಿಸಿಕೊಂಡರಾಯ್ತು’ ಅಂತ ಮಾರುವವರು ಹೇಳುತ್ತಾರೆ. ಸೀಟು ಇಳಿಯುತ್ತೆ, ಮೇಲಿನ ಪೈಪು ಇಳಿಯಲ್ಲ ಅಲ್ವಾ?

ಆಮೇಲೆ ಬೆರಳಿನಿಂದ ನೋಡಿ

ಮುಂದಿನಿಂದ ಗುದ್ದಿಸಿಕೊಂಡ ಫ್ರೇಮು ಕಣ್ಣಿಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ. ಹ್ಯಾಂಡಲ್ ಕೂರುವ ಪೈಪಿನ ಹಿಂದೆ ಒಂದೆರಡು ಇಂಚು ದೂರದಲ್ಲಿ, ಮೇಲಿನ ಪೈಪು ಮತ್ತು ಪೆಡಲಿನ ಕಡೆ ಇಳಿಯುವ ಓರೆ ಪೈಪಿನ ಅಡಿಭಾಗವನ್ನು ಬೆರಳ ತುದಿಯಿಂದ ಸವರಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು. ಸಣ್ಣ ಉಬ್ಬು, ಮಡಿಕೆಯಂಥ ಅಲೆ ತಾಗಿತೋ, ಆ ಸೈಕಲ್ ಯಾವುದೋ ಗೋಡೆಯನ್ನೋ ಕಾರನ್ನೋ ಭೇಟಿ ಮಾಡಿದೆ ಅಂತಲೇ ಅರ್ಥ. ಪಕ್ಕದಿಂದಲೂ ನೋಡಿ. ಹ್ಯಾಂಡಲ್ ಪೈಪಿನ ಗೆರೆ, ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಮೇಲರ್ಧದಲ್ಲಿ ನೇರವಾಗಿ ಮುಂದುವರಿಯಬೇಕು. ಬಾಗು ಇರಬೇಕಾದ್ದು ಕೆಳಗೆ.

ಜೇಬಿನಲ್ಲಿ ಒಂದು ದಾರ ಇಟ್ಟುಕೊಂಡು ಹೋಗಿ. ಹಿಂದಿನ ಚಕ್ರ ಕೂರುವ ಎಡ ಸೀಳಿಗೆ ಒಂದು ತುದಿ ಕಟ್ಟಿ, ಮುಂದೆ ಹ್ಯಾಂಡಲ್ ಪೈಪನ್ನು ಬಳಸಿ, ಬಲ ಸೀಳಿಗೆ ಬಿಗಿಯಾಗಿ ಎಳೆದು ಕಟ್ಟಿ. ಈಗ ಸೀಟು ಪೈಪಿನಿಂದ ಎರಡೂ ಬದಿಯ ದಾರಕ್ಕೆ ಎಷ್ಟು ಅಂತರ ಅಂತ ಅಳೆಯಿರಿ. ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ನಾಲ್ಕೈದು ಇದ್ದರೆ ಹಿಂಭಾಗ ಒಂದು ಕಡೆಗೆ ವಾಲಿದೆ. ಸ್ಟೀಲ್ ಆದ್ದರಿಂದ ಬಲ್ಲವರು ಬಗ್ಗಿಸಿ ಸರಿಮಾಡಬಲ್ಲರು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬಿರುಕು ಬಿಡುವುದು ಹೆಚ್ಚಾಗಿ ಚೈನಿನ ಬದಿಯಲ್ಲಿ, ಪೈಪು ಮತ್ತು ಚಕ್ರದ ಸೀಳು ಕೂಡುವ ಜಾಗದಲ್ಲಿ. ಅಲ್ಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿಯೇ ನೋಡಬೇಕು. ಬಿರುಕುಗಳಿಗೆ ಜಿಡ್ಡಿನ ಕೆಳಗೆ ಅಡಗಿ ಕೂರುವುದು ಅಭ್ಯಾಸ.

ಬಿಚ್ಚಿಕೊಳ್ಳುತ್ತಾ?

ಇಲ್ಲಿ ಆತುರ ಬೇಡ. ಸೀಟು ಕಂಬದ ನಟ್ಟು ಸಡಿಲಿಸಿ, ಕಂಬವನ್ನು ಎಡಬಲ ತಿರುಗಿಸಿ, ಮೇಲೆತ್ತಿ. ಮಾರುವವರ ಎದುರೇ ಮಾಡಿ. ‘ಈಗ ಬೇಡ, ಆಮೇಲೆ ನೋಡ್ಕೊಳ್ಳಿ’ ಅಂದರೆ ನಿಮಗೆ ಉತ್ತರ ಸಿಕ್ಕಿತು.

ಮುಂದಿನದು ಹ್ಯಾಂಡಲ್ ಸ್ಟೆಮ್, ಅಂದರೆ ಹ್ಯಾಂಡಲ್ಲನ್ನು ಹಿಡಿದಿರುವ ಕುತ್ತಿಗೆ. ಹಳೆಯ ಸ್ಟೆಮ್ಮು ಫೋರ್ಕಿನ ಪೈಪಿನೊಳಗೆ ಇಳಿದು, ತಳದಲ್ಲಿರುವ ಬೆಣೆಯಿಂದ ಹಿಡಿದುಕೊಂಡಿರುತ್ತದೆ. ಮೇಲಿನ ಬೋಲ್ಟನ್ನು ಮೂರು ಸುತ್ತು ಸಡಿಲಿಸಿದರೆ ಸಾಲದು. ಬೋಲ್ಟಿನ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು ಕೊಡಬೇಕು. ‘ಟಕ್’ ಅಂತ ಬೆಣೆ ಕೆಳಗೆ ಬೀಳುತ್ತದೆ. ಎಷ್ಟೋ ಜನ ಈ ಏಟು ಕೊಡುವುದನ್ನೇ ಮರೆತು, ಸ್ಟೆಮ್ ಕಚ್ಚಿಕೊಂಡಿದೆ ಅಂತ ಸೈಕಲ್ಲನ್ನು ಅಗ್ಗಕ್ಕೆ ಮಾರಿಬಿಡುತ್ತಾರೆ. ಅಂಥವರಿಂದ ಕೊಂಡವನು ಪುಣ್ಯವಂತ.

ಪೆಡಲ್ ಬಿಚ್ಚುವಾಗ ಒಂದು ನೆನಪಿಡಿ: ಎಡ ಪೆಡಲಿನದು ಉಲ್ಟಾ ಥ್ರೆಡ್. ಮಾಮೂಲಿಯಂತೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಕಚ್ಚಿಕೊಂಡಿದೆ ಅಂತ ಬೈಸಿಕೊಂಡ ಎಡ ಪೆಡಲ್‌ಗಳಲ್ಲಿ ಅರ್ಧಕ್ಕರ್ಧ ನಿರಪರಾಧಿಗಳು.

ಪೆಡಲಿನ ತೋಳಾದ ಕ್ರ್ಯಾಂಕಿನ ಅಚ್ಚು ತಿರುಗುವ ಬಾಟಮ್ ಬ್ರಾಕೆಟ್‌ನಲ್ಲಿ ಹಳೆಯ ದೇಶಗಳ ಜಗಳವೇ ಕಾಣುತ್ತದೆ. ಇಂಗ್ಲಿಷ್ ಥ್ರೆಡ್ಡಿನಲ್ಲಿ ಬಲಗಡೆಯ ಬೇರಿಂಗ್ ಕಪ್ ಉಲ್ಟಾ, ಗೂಡಿನ ಅಗಲ 68 ಮಿ.ಮೀ. ಇಟಲಿಯದ್ದರಲ್ಲಿ ಎರಡೂ ಕಡೆ ಮಾಮೂಲಿ, ಅಗಲ 70. ಫ್ರೆಂಚರದ್ದೂ ಎರಡೂ ಕಡೆ ಮಾಮೂಲಿಯೇ, ಆದರೆ ವ್ಯಾಸ 35 ಮಿ.ಮೀ., ಇಟಲಿಯದ್ದು 36. ಫ್ರೆಂಚ್ ಅಳತೆಯ ಬಿಡಿಭಾಗ ಹುಡುಕುವುದು ಕಷ್ಟ. ಮೊದಲ ಸೈಕಲ್ಲಿಗೆ ಇಂಗ್ಲಿಷ್ ಥ್ರೆಡ್ ಇರುವುದನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಸ್ಟಿಕ್ಕರ್ ಸುಳ್ಳು ಹೇಳಬಹುದು, ಕಂಬ ಹೇಳಲ್ಲ

ಹಳೆ ಸ್ಟೀಲಿನ ಲೋಕದಲ್ಲಿ ಎರಡು ಹೆಸರು ಪದೇ ಪದೇ ಕೇಳುತ್ತವೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ ಮತ್ತು ಇಟಲಿಯ ಕೊಲಂಬಸ್. ತುದಿಗಳಲ್ಲಿ ದಪ್ಪ, ನಡುವೆ ತೆಳು ಇರುವ ಪೈಪಿಗೆ ರೆನಾಲ್ಡ್ಸ್ ಪೇಟೆಂಟ್ ಪಡೆದಿದ್ದು 1897ರಲ್ಲಿ. ಬೆಸುಗೆಯ ಬಿಸಿ ತಾಗುವ ತುದಿಗೆ ಬಲ ಬೇಕು, ನಡುವಿಗೆ ಅಷ್ಟು ಬೇಡ. ತೂಕ ಉಳಿಯಿತು. 1935ರಲ್ಲಿ ಬಂದ ಅವರ 531 ಪೈಪು ದಶಕಗಟ್ಟಲೆ ರೇಸಿನ ಸೈಕಲ್‌ಗಳನ್ನು ಆಳಿತು. ಆದರೆ 531ರ ಸ್ಟಿಕ್ಕರ್ ಇವತ್ತು ಯಾರು ಬೇಕಾದರೂ ಮಾಡಿಸಿ ಅಂಟಿಸಬಹುದು.

ಸೀಟು ಕಂಬವನ್ನು ಹೊರತೆಗೆದಿದ್ದೀರಲ್ಲ, ಅದನ್ನು ಕೈಯಲ್ಲಿ ಹಿಡಿದು ನೋಡಿ. ಕೆಳಭಾಗದಲ್ಲಿ ಸಣ್ಣಗೆ ಒಂದು ಸಂಖ್ಯೆ ಒತ್ತಿರುತ್ತದೆ. ಇಲ್ಲದಿದ್ದರೆ ಕ್ಯಾಲಿಪರ್ ಹಚ್ಚಿ. ಇಂಗ್ಲಿಷ್ ಮತ್ತು ಇಟಾಲಿಯನ್ ಅಳತೆಯ ಫ್ರೇಮುಗಳಲ್ಲಿ ಸೀಟು ಪೈಪಿನ ಹೊರ ಅಳತೆ ಸಾಮಾನ್ಯವಾಗಿ 28.6 ಮಿ.ಮೀ. ಹೊರಗಿನ ಅಳತೆ ಒಂದೇ ಆದ್ದರಿಂದ ಪೈಪಿನ ಗೋಡೆ ತೆಳುವಾದಷ್ಟೂ ಒಳಗೆ ದಪ್ಪ ಕಂಬ ಹಿಡಿಸುತ್ತದೆ. 27.2 ಅಂತ ಬಂದರೆ ಮುಖ ಅರಳಲಿ, ಅದು ಒಳ್ಳೆಯ ತೆಳು ಪೈಪಿನ ಗುರುತು. 26.8 ಕೂಡ ಪರವಾಗಿಲ್ಲ. 25.4 ಬಂದರೆ ಅದು ದಪ್ಪ ಗೋಡೆಯ ಸಾದಾ ಪೈಪು, ಸ್ಟಿಕ್ಕರ್ ಏನೇ ಹೇಳಲಿ. ಹಳೆಯ ಫ್ರೆಂಚ್ ಫ್ರೇಮುಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವುಗಳ ಹೊರ ಅಳತೆಯೇ 28, ಹಾಗಾಗಿ ಅಲ್ಲಿ 26.4 ಕೂಡ ಒಳ್ಳೆಯ ಜಾತಿಯೇ. ಕಂಬಗಳು 0.2 ಮಿ.ಮೀ. ಅಂತರದಲ್ಲಿ ಸಿಗುತ್ತವೆ. ‘ಹತ್ತಿರದ್ದು ಹಾಕಿ ಬಿಗಿ ಮಾಡಿದರಾಯ್ತು’ ಅನ್ನುವವರ ಮಾತು ಕೇಳಿದರೆ ಪೈಪಿನ ಬಾಯಿ ಹಿಸಿಯುತ್ತದೆ.

ಸೈಕಲ್ಲಿನ ವಯಸ್ಸು ಕೂಡ ಬಿಡಿಭಾಗಗಳ ಮೇಲೆಯೇ ಇರುತ್ತದೆ. ಇಟಲಿಯ ಬಿಡಿಭಾಗ ಕಂಪನಿ ಕಂಪಾನ್ಯೊಲೊದ ನುವೊವೊ ರೆಕಾರ್ಡ್ ಅನ್ನುವ, ಚೈನನ್ನು ಗೇರಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರ್‌ಗಳಲ್ಲಿ ‘ಪೇಟೆಂಟ್’ ಅಂತ ಬರೆದು ಪಕ್ಕದಲ್ಲಿ 72, 74 ಅಂತ ವರ್ಷ ಹಾಕಿರುತ್ತಾರೆ. ಜಪಾನಿನ ಶಿಮಾನೊ ಕಂಪನಿಯ ಹಳೆಯ ಭಾಗಗಳಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಗುರುತಿರುತ್ತದೆ. ಮೊದಲನೆಯದು ವರ್ಷ, ಎರಡನೆಯದು ತಿಂಗಳು, ‘ಎ’ ಅಂದರೆ 1976. ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರಿನ ಹಬ್ಬಿನ (ಚಕ್ರದ ನಡುವಿನ ಗೂಡಿನ) ಮೈಮೇಲೂ ತಯಾರಾದ ವರ್ಷ ಒತ್ತಿರುವುದುಂಟು. ಎರಡು ಮೂರು ಭಾಗಗಳು ಒಂದೇ ಕಾಲವನ್ನು ಹೇಳಿದರೆ ಸೈಕಲ್ ಹುಟ್ಟಿದ ಹಾಗೇ ಉಳಿದಿರುವ ಸಾಧ್ಯತೆ ಹೆಚ್ಚು.

ಟಯರಿನ ಗೊಂದಲ

‘26 ಇಂಚು’ ಅಂತ ಯಾರಾದರೂ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಆ ಹೆಸರಿನಲ್ಲಿ ಒಂದಕ್ಕೊಂದು ಕೂರದ ಹಲವು ರಿಮ್ಮುಗಳಿವೆ. ಟಯರಿನ ಬದಿಯಲ್ಲಿ ಮಿಲಿಮೀಟರಿನಲ್ಲಿರುವ ಮೂರಂಕಿಯ ಸಂಖ್ಯೆಯನ್ನೇ ನಂಬಿ. 622 ಅಂದರೆ ಇವತ್ತಿನ 700 ಸಿ. 630 ಅಂದರೆ ಹಳೆಯ 27 ಇಂಚು. 635 ಅಂದರೆ ರಾಡ್ ಬ್ರೇಕಿನ ದೊಡ್ಡ ಸೈಕಲ್ಲುಗಳ 28 ಇಂಚು. 590 ಅಂದರೆ ಮೂರು ಗೇರಿನ ಸೈಕಲ್‌ಗಳಲ್ಲಿ ಕಾಣುವ 26 ಇಂಚು. 630 ತೆಗೆದು 622 ಹಾಕಲು ಬಹಳ ಮಂದಿ ಇಷ್ಟಪಡುತ್ತಾರೆ. ಯಾಕಂದರೆ ಟಯರ್ ಆಯ್ಕೆ ಜಾಸ್ತಿ. ಹಾಕಬಹುದು. ಬ್ರೇಕ್ ರಬ್ಬರ್ 4 ಮಿ.ಮೀ. ಕೆಳಗಿಳಿಯಲು ಜಾಗ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಹಿಂದಿನ ಚಕ್ರ ಕೂರುವ ಸೀಳುಗಳ ನಡುವಿನ ಅಗಲವೂ ಕಾಲಕ್ಕೆ ತಕ್ಕಂತೆ ಹಿಗ್ಗಿದೆ. ಐದು ಹಲ್ಲುಚಕ್ರಗಳ ಕಾಲಕ್ಕೆ 120 ಮಿ.ಮೀ., ಆರು ಏಳಕ್ಕೆ 126, ಆಮೇಲೆ 130. ಸ್ಟೀಲ್ ಫ್ರೇಮನ್ನು ನಿಧಾನವಾಗಿ ಅಗಲಿಸಬಹುದು. ಅಲ್ಯೂಮಿನಿಯಂ ಫ್ರೇಮಿಗೆ ಈ ಪ್ರಯೋಗ ಮಾಡಲು ಹೋಗಬೇಡಿ.

ಮನೆಗೆ ತಂದ ಮೇಲೆ

ಮೊದಲ ಆಸೆ ಹೊಸ ಬಣ್ಣ ಹೊಡೆಸುವುದು. ದಯವಿಟ್ಟು ಒಂದು ತಿಂಗಳು ತಡೆಯಿರಿ. ಹಳೆಯ ಬಣ್ಣ, ಹಳೆಯ ಅಕ್ಷರ ಒಮ್ಮೆ ಹೋದರೆ ಹೋಯಿತು. ಕ್ರೋಮಿನ ಮೇಲಿನ ತುಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ ಉಜ್ಜಿ. ಕಂದು ಬಣ್ಣ ನಿಮ್ಮ ಕಣ್ಣೆದುರೇ ಹೋಗುತ್ತದೆ, ಗುಳಿ ಬಿದ್ದ ಕಡೆ ಮಾತ್ರ ಗುಳಿ ಉಳಿಯುತ್ತದೆ.

ಬೇರಿಂಗ್ ಬಿಚ್ಚುವಾಗ ಕೆಳಗೆ ಅಗಲ ತಟ್ಟೆ ಇಡಿ. ಬಾಲ್ಸ್ ಉರುಳಿ ಕಪಾಟಿನಡಿ ಸೇರುವುದು ಕ್ಷಣದ ಕೆಲಸ. ಸಾಮಾನ್ಯ ಲೆಕ್ಕ ಹೀಗೆ: ಹಿಂದಿನ ಹಬ್ಬಿನಲ್ಲಿ ಒಂದೊಂದು ಬದಿಗೆ ಕಾಲಿಂಚಿನ 9, ಮುಂದಿನದರಲ್ಲಿ 3/16 ಇಂಚಿನ 10, ಕ್ರ್ಯಾಂಕಿನ ಅಚ್ಚಿಗೆ ಕಾಲಿಂಚಿನ 11. ಹಳೆಯದನ್ನು ತೊಳೆದು ಮತ್ತೆ ಹಾಕಬೇಡಿ, ಹೊಸದು ಹಾಕಿ. ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ಇದ್ದರೆ ಬರಿ ಸುತ್ತಿಗೆ ಬೀಸಬೇಡಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಪೈಪಿನ ಆಸರೆ ಕೊಡಿ, ಇಲ್ಲವಾದರೆ ಆ ಏಟೆಲ್ಲ ಬೇರಿಂಗ್ ತಿನ್ನುತ್ತದೆ. ಒತ್ತಿ ತೆಗೆಯುವ ಸಾಧನ ಸಿಕ್ಕರೆ ಅದೇ ಸರಿ. ಕೊನೆಗೆ ಸೀಟು ಕಂಬಕ್ಕೆ ಧಾರಾಳವಾಗಿ ಗ್ರೀಸ್ ಹಚ್ಚಿ. ನಾನಂತೂ ಮರೆಯುವುದಿಲ್ಲ.

ತೊಗಲಿನ ಸೀಟಿಗೆ ಎಣ್ಣೆ ಸುರಿಯುವ ಚಾಳಿ ಹಲವರಿಗಿದೆ. ಎಣ್ಣೆ ಕುಡಿದ ತೊಗಲು ಜೋಲು ಬೀಳುತ್ತದೆ. ಅದಕ್ಕೆಂದೇ ಸಿಗುವ ಮೇಣವನ್ನು ತೆಳುವಾಗಿ ಸವರಿದರೆ ಸಾಕು. ಡೈನಮೊ ದೀಪ ಹಾಕಿಸಿಕೊಂಡರೆ ಒಂದು ಗುಟ್ಟು ಗೊತ್ತಿರಲಿ. ಆ ಪುಟ್ಟ ಬಾಟಲಿ 6 ವೋಲ್ಟಿನಲ್ಲಿ ಕೊಡುವ 3 ವಾಟನ್ನು ಮುಂದಿನ ದೀಪ 2.4, ಹಿಂದಿನದು 0.6 ಅಂತ ಹಂಚಿಕೊಳ್ಳುತ್ತವೆ. ಹಿಂದಿನ ಬಲ್ಬ್ ಸುಟ್ಟರೆ ಅದರ ಪಾಲೂ ಮುಂದಿನದಕ್ಕೇ ಬಂದು, ಸ್ವಲ್ಪ ಹೊತ್ತಿಗೆ ಅದೂ ಹೋಗುತ್ತದೆ. ಜೇಬಿನಲ್ಲಿ ಎರಡೂ ಬಲ್ಬ್ ಇರಲಿ.

ಓಡಿಸುವುದು

ಸ್ಟೀಲ್ ರಿಮ್ ಒದ್ದೆಯಾದಾಗ ಬ್ರೇಕ್ ಹಿಡಿದರೆ ಸೈಕಲ್ ನಿಮ್ಮ ಮಾತು ಕೇಳಿಸಿಕೊಳ್ಳುತ್ತದೆ, ಪಾಲಿಸುವುದಿಲ್ಲ. ಮಳೆಯಲ್ಲಿ ಬೇಗನೆ ಬ್ರೇಕ್ ಹಿಡಿಯಲು ಶುರುಮಾಡಿ, ಇಲ್ಲವೇ ಅಲ್ಯೂಮಿನಿಯಂ ರಿಮ್ ಕಟ್ಟಿಸಿ. ಹಳೆಯ ಅಲ್ಯೂಮಿನಿಯಂ ಹ್ಯಾಂಡಲ್ ಮತ್ತು ಸ್ಟೆಮ್ಮಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಎಸೆಯಿರಿ. ಹಳೆಯದು ಅನ್ನುವ ಪ್ರೀತಿ ಅಲ್ಲಿ ಬೇಡ.

ಓರೆ ಪೈಪಿನ ಮೇಲಿರುವ ಗೇರ್ ಲಿವರ್‌ನಲ್ಲಿ ಹೆಚ್ಚಾಗಿ ‘ಕ್ಲಿಕ್’ ಇರುವುದಿಲ್ಲ. ಕೈ ಕೆಳಗಿಳಿಸಿ, ಪೆಡಲಿನ ಒತ್ತಡ ಸ್ವಲ್ಪ ಸಡಿಲಿಸಿ, ಲಿವರನ್ನು ಬೇಕಾದ್ದಕ್ಕಿಂತ ಚೂರು ಜಾಸ್ತಿ ಎಳೆಯಿರಿ. ಚೈನು ಏರಿದ ಮೇಲೆ ಒಂದು ಕೂದಲಿನಷ್ಟು ಹಿಂದಕ್ಕೆ ಬಿಡಿ. ಕರಕರ ಸದ್ದು ನಿಂತರೆ ಗೇರ್ ಕೂತಿತು. ವಾರದೊಳಗೆ ಕಿವಿಯೇ ಕಲಿತುಬಿಡುತ್ತದೆ.

ಈ ರುಚಿ ಹತ್ತಿದವರಿಗಾಗಿ ಇಟಲಿಯ ಗಯೋಲೆ ಇನ್ ಕಿಯಾಂತಿಯಲ್ಲಿ 1997ರಿಂದ ಲೆರೊಯಿಕಾ ಅನ್ನುವ ಸವಾರಿ ನಡೆಯುತ್ತಿದೆ, ಬಿಳಿ ಮಣ್ಣಿನ ರಸ್ತೆಗಳ ಮೇಲೆ. 1987ಕ್ಕಿಂತ ಹಿಂದಿನ ರೇಸ್ ಸೈಕಲ್, ಓರೆ ಪೈಪಿನ ಮೇಲೆ ಗೇರ್ ಲಿವರ್, ಹೊರಗೆ ಕಾಣುವ ಬ್ರೇಕ್ ಕೇಬಲ್, ಪೆಡಲಿಗೆ ಪಟ್ಟಿ. ಇದು ಅಲ್ಲಿನ ನಿಯಮ.

ಮಾರುವಾಗ

ಚೈನಿನ ಬದಿಯಿಂದ ಇಡೀ ಸೈಕಲ್ಲಿನ ಒಂದು ಫೋಟೊ, ಬಾಟಮ್ ಬ್ರಾಕೆಟ್ ಕೆಳಗಿನ ನಂಬರಿನದು ಒಂದು, ಪ್ರತಿ ನೆಗ್ಗಿನದು ಒಂದೊಂದು. ನಂಬರ್ ತೋರಿಸಲು ಹಿಂಜರಿಯುವವರಿಂದ ಕೊಳ್ಳಲೇಬೇಡಿ, ಕದ್ದ ಮಾಲಿರಬಹುದು. ಫ್ರೇಮಿನ ಅಳತೆ ಕೊಡುವಾಗ ಸೀಟು ಪೈಪನ್ನು ಅಚ್ಚಿನ ನಡುವಿನಿಂದ ಎಲ್ಲಿಯವರೆಗೆ ಅಳೆದಿರಿ ಅಂತ ಹೇಳಿ. ಮೇಲಿನ ಪೈಪಿನ ನಡುವಿನವರೆಗೋ, ಸೀಟು ಪೈಪಿನ ತುದಿಯವರೆಗೋ? ಇದೊಂದನ್ನು ಬಿಟ್ಟರೆ ಹತ್ತು ಫೋನ್ ಬರುತ್ತವೆ. ಎಲ್ಲವನ್ನೂ ಬಿಡಿಬಿಡಿಯಾಗಿ ಮಾರಿದರೆ ಕಾಸು ಜಾಸ್ತಿ ಸಿಗಬಹುದು, ಸುಳ್ಳಲ್ಲ. ಹುಟ್ಟಿದ ಹಾಗೇ ಉಳಿದ ಸೈಕಲ್ಲನ್ನು ಹಾಗೆ ಒಡೆಯಲು ನನಗೆ ಮನಸ್ಸು ಬರುವುದಿಲ್ಲ.

ಪೆಟ್ಟಿಗೆಯಲ್ಲಿ ಕಳಿಸುವುದಾದರೆ ಚಕ್ರ ತೆಗೆದ ಮೇಲೆ ಫೋರ್ಕಿನ ತುದಿಗಳ ನಡುವೆಯೂ ಹಿಂದಿನ ಸೀಳುಗಳ ನಡುವೆಯೂ ಹಳೆಯ ಆಕ್ಸೆಲನ್ನು ನಟ್ಟು ಸಮೇತ ಬಿಗಿಯಿರಿ. ಇಲ್ಲದಿದ್ದರೆ ಮೇಲೆ ಇನ್ನೊಂದು ಪೆಟ್ಟಿಗೆ ಕೂತ ಕೂಡಲೇ ಅವು ಒಳಕ್ಕೆ ಬಾಗುತ್ತವೆ. ಸಣ್ಣ ನಟ್ಟು, ವಾಷರ್‌ಗಳನ್ನು ಚೀಲಕ್ಕೆ ಹಾಕಿ ಫ್ರೇಮಿಗೇ ಕಟ್ಟಿ.

ನಾನು ಮಾರುವಾಗ ಇನ್ನೆರಡು ಫೋಟೊ ಹಾಕುತ್ತೇನೆ. ಒಂದರಲ್ಲಿ ಸೀಟು ಪೂರ್ತಿ ಕೆಳಗೆ. ಇನ್ನೊಂದರಲ್ಲಿ ಕಂಬ ಹೊರಗೆ, ಗ್ರೀಸ್ ಸಮೇತ, ನನ್ನ ಕೈಯಲ್ಲಿ.