ಎರಡು ದಡ, ಒಂದೇ ಹಿಂಡು

ಮೂರು ಕಡೆ ನೀರು, ಒಂದು ಕಡೆ ನೆಲ. ಇಂಥ ಭೂಶಿರದಲ್ಲಿ ಹಕ್ಕಿ ಎಣಿಸುವುದು ಸುಲಭವೆಂದುಕೊಂಡಿದ್ದೆ. ಒಂದು ದಡ ಹಿಡಿದು ತುದಿಯವರೆಗೆ ನಡೆದು, ಇನ್ನೊಂದು ದಡದಲ್ಲಿ ಹಿಂದಿರುಗಿದರೆ ತಿಂಗಳ ಲೆಕ್ಕ ಮುಗಿಯಿತು. ಹಾಗೆಯೇ ಎಂಟು ತಿಂಗಳು, ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟೆ. ಸಂಖ್ಯೆ ಒಂದು ತಿಂಗಳು ಆಕಾಶಕ್ಕೇರಿದರೆ ಮರುತಿಂಗಳು ಪಾತಾಳಕ್ಕೆ. ವಲಸೆಯ ಏರಿಳಿತವನ್ನೇ ಹಿಡಿದೆನೆಂದು ಬೀಗಿದೆ. ಏರಿಳಿಯುತ್ತಿದ್ದುದು ಕಡಲು.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಈ ಭಾನುವಾರ ಏಳಕ್ಕೆ ತುಂಬಿದ್ದ ದಡ ಮುಂದಿನ ಭಾನುವಾರ ಅದೇ ಹೊತ್ತಿಗೆ ಬರಿದಾಗಿರುತ್ತದೆ. ಇಳಿತದಲ್ಲಿ ಕೆಸರು ಬಯಲು ತೆರೆದುಕೊಂಡು ಗೊರವ ಹಕ್ಕಿಗಳು ಹುಳ, ಏಡಿ ಹುಡುಕುತ್ತ ಚದುರುತ್ತವೆ. ದುರ್ಬೀನಿನಲ್ಲೂ ಬರೀ ಚುಕ್ಕಿಗಳು. ಉಬ್ಬರಕ್ಕೆ ಮೇವಿನ ಜಾಗ ಮುಳುಗಿದಾಗ ಎತ್ತರದ ಮರಳಿನ ಮೇಲೆ ಒತ್ತೊತ್ತಾಗಿ ನಿಲ್ಲುತ್ತವೆ. ಎಣಿಸಬೇಕಾದದ್ದು ಆಗ. ಈಗ ನಾನು ವಾರ ನೋಡುವುದಿಲ್ಲ, ಉಬ್ಬರದ ಪಟ್ಟಿ ನೋಡುತ್ತೇನೆ. ದಿನಕ್ಕೆರಡು ಉಬ್ಬರ ಬರುವ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನ ದೊಡ್ಡ ಉಬ್ಬರ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಹಾಗಾಗಿ ಒಂದು ತಿಂಗಳನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು.

ಗೆಳೆಯರೊಬ್ಬರು ಜೊತೆಯಾದ ಮೇಲೆ ಆಚೆ ದಡ ಅವರದು, ಈಚೆ ದಡ ನನ್ನದು ಎಂದು ಹಂಚಿಕೊಂಡೆವು. ಒಂದು ದಿನ ನಾನು 340 ಮರಳು ಪ್ಲವರ್ (ಪುಟ್ಟ ದಡಹಕ್ಕಿ) ಬರೆದೆ, ಅವರು 310. ಕೂಡಿಸಿ 650 ಎಂದು ಸಂಭ್ರಮಿಸಿದೆವು. ಮನೆಗೆ ಬಂದು ಟಿಪ್ಪಣಿ ಹೋಲಿಸಿದರೆ ಎರಡರ ನಡುವೆ ಹನ್ನೆರಡೇ ನಿಮಿಷ! ನನ್ನ ಹೆಜ್ಜೆಗೆ ಬೆದರಿದ ಹಿಂಡು ನಡುವಿನ ನೆಲ ದಾಟಿ ಅವರೆದುರು ಇಳಿದಿತ್ತು. ಅಂದಿನಿಂದ ಹಾರಿದ ಪ್ರತಿ ಹಿಂಡಿಗೂ ಗಂಟೆ, ನಿಮಿಷ, ದಿಕ್ಕು ಬರೆಯುತ್ತೇವೆ; ಹಿಂಡಿನಿಂದ ದೂರವೇ ನಿಲ್ಲುತ್ತೇವೆ. ಆ ಮೂವತ್ತು ಹಕ್ಕಿ ಎಲ್ಲಿ ಹೋದವು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಹತ್ತನ್ನು ಎಣಿಸಿ, ಆ ಹತ್ತು ಹಿಡಿಯುವ ಜಾಗವನ್ನು ಕಣ್ಣಳತೆಯಲ್ಲಿ ಹಿಂಡಿನುದ್ದಕ್ಕೂ ಜರುಗಿಸುವುದು ನಮ್ಮಿಬ್ಬರ ಕ್ರಮ. ದೊಡ್ಡ ಹಿಂಡನ್ನು ಕಡಿಮೆ ಅಂದಾಜಿಸುವುದು ಸಾಮಾನ್ಯ ದೋಷ, ಆದ್ದರಿಂದ ನನ್ನದೇ ಸರಿ ಎನ್ನುವುದು ನನ್ನ ವಾದ.

ತಿಂಗಳಿಗೊಮ್ಮೆ ಏಕೆ ಎಂದು ಕೇಳುವವರಿದ್ದಾರೆ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಜನವರಿಯಲ್ಲಿ ನಡೆಯುತ್ತ ಬಂದಿದೆ. ಜೂನ್‌ನ ಸಂಗತಿ ಅದರಲ್ಲಿ ಸಿಗದು. ಜೂನ್‌ನಲ್ಲಿ ದಡ ಖಾಲಿ ಎಂದು ನಾನೂ ನಂಬಿದ್ದೆ. ಆದರೆ ಉತ್ತರಕ್ಕೆ ಹೋಗದೆ ಉಳಿದವು ಕೆಲವಿರುತ್ತವೆ, ಹೆಚ್ಚಿನವು ಹಿಂದಿನ ವರ್ಷದ ಮರಿಗಳು, ಮಾಸಲು ಪುಕ್ಕದಲ್ಲಿ. ಆಗಸ್ಟ್ ಹೊತ್ತಿಗೆ ಬೆಳೆದ ಹಕ್ಕಿಗಳು ಮೊದಲು ಮರಳುತ್ತವೆ. ಆ ವರ್ಷದ ಮರಿಗಳು ಹಿಂದಿನಿಂದ, ಹೆತ್ತವರಿಲ್ಲದೆ ದಾರಿ ಕಂಡುಕೊಂಡು ಬರುತ್ತವೆ. ಹಕ್ಕಿ ಕಡಿಮೆಯಿದ್ದರೂ ಜೂನ್ ನನಗೆ ಪ್ರಿಯ.

ಮೊದಲ ಎಂಟು ತಿಂಗಳ ಪುಸ್ತಕವನ್ನು ಎಸೆಯಲು ಹೊರಟಿದ್ದೆ. ಉಬ್ಬರವನ್ನು ಹಿಂದಿನ ದಿನಗಳಿಗೂ ಲೆಕ್ಕ ಹಾಕಬಹುದೆಂದು ಆಮೇಲೆ ಹೊಳೆಯಿತು. ಐದು ತಿಂಗಳು ಪ್ರತಿ ಹಿಂಡಿನ ಪಕ್ಕ ಹೊತ್ತು ಬರೆದಿದ್ದೆ, ಅವು ಬದುಕಿಕೊಂಡವು. ಉಳಿದ ಮೂರರಲ್ಲಿ ಹಕ್ಕಿಗಳಿವೆ, ಗಡಿಯಾರವಿಲ್ಲ.